ಟೇಲರ್ ಆಪಾ ಮತ್ತು ನನ್ನ ಷೇರು

ತುಟಿಗಳ ನಡುವೆ ಮೂರು ಗುಂಡುಸೂಜಿ ಕಚ್ಚಿಕೊಂಡೇ ಅವರು ಮಾತಾಡುತ್ತಿದ್ದರು. ಬಾಯಿಯ ಎಡಮೂಲೆಯಿಂದಷ್ಟೇ ಮಾತು ಹೊರಬರುತ್ತಿತ್ತು, ಸೂಜಿ ಒಂದೂ ಅಲುಗುತ್ತಿರಲಿಲ್ಲ. ಶಹಾಬಾದಿನ ನಮ್ಮ ಓಣಿಗೆಲ್ಲ ಅವರು ಟೇಲರ್ ಆಪಾ. ನನಗಿಂತ ಹತ್ತು ವರ್ಷ ದೊಡ್ಡವರು, ಹಾಗಾಗಿ ನನಗೂ ಅಕ್ಕನೇ. ಮನೆ ಮುಂದಿನ ಫರಸಿ ಕಲ್ಲಿನ ಕಟ್ಟೆಯೇ ಅವರ ಅಂಗಡಿ. ಗಿರಾಕಿಗಳ ಅಳತೆಯನ್ನು ಸೀಮೆಸುಣ್ಣದಲ್ಲಿ ಆ ಕಲ್ಲಿನ ಮೇಲೆಯೇ ಬರೆದಿಡುತ್ತಿದ್ದರು. ಯಾರಾದರೂ ಅದನ್ನು ತುಳಿದರೋ, "ಕಣ್ಣು ಮನ್ಯಾಗಿಟ್ಟು ಬಂದೀರೇನು?" ಎಂದು ಬೈಸಿಕೊಂಡೇ ಹೋಗಬೇಕು. ನಾನೂ ಎರಡು ಸಲ ಬೈಸಿಕೊಂಡಿದ್ದೇನೆ.

ಅವರಿಗೆ ಇದ್ದದ್ದು ಒಂದೇ ಆಸೆ. ಸ್ಟೇಷನ್ ರೋಡಿನಲ್ಲಿ ಒಂದು ಕೋಣೆ, ಅದಕ್ಕೊಂದು ಪರದೆ, ಒಂದು ನಿಲುಗನ್ನಡಿ. "ಹೆಣ್ಮಕ್ಕಳು ಅಳತಿ ಕೊಡಾಕ ಹಾದಿ ಮ್ಯಾಗ ಕೈ ಎತ್ತಿ ಹೆಂಗ ನಿಂದ್ರಬೇಕ್ರಿ ಸರ್? ಹೋಗೋರು ಬರೋರು ನೋಡ್ತಾರ" ಎನ್ನುತ್ತಿದ್ದರು. ಅಂಥ ಕೋಣೆಯೊಂದು ಖಾಲಿಯಿತ್ತು. ಅಡ್ವಾನ್ಸು ಎಂಬತ್ತು ಸಾವಿರ. ಆಪಾ ಹತ್ತಿರ ಇದ್ದದ್ದು ಐವತ್ತು. ಉಪವಾಸ ಶುರುವಾಗುವ ರಂಜಾನ್ ಚಂದ್ರ ಕಾಣುವ ತನಕ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದರು ಕೋಣೆಯ ಮಾಲಕರು. ಹಬ್ಬದ ಹೊಲಿಗೆ ಆ ಕೋಣೆಯಲ್ಲೇ ಆಗಬೇಕು ಎಂದು ಆಪಾ ಲೆಕ್ಕ ಹಾಕಿದ್ದರು.

ನಾನು ಆಗ ವಾಡಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮೊಬೈಲಿನಲ್ಲಿ ಷೇರು ಕೊಳ್ಳುವ ಹುಚ್ಚು ಹಿಡಿದಿತ್ತು. ಒಂದೆರಡು ಸಲ ಲಾಭ ಬಂದದ್ದೇ ತಡ, ಓಣಿಯವರಿಗೆಲ್ಲ ಪಾಠ ಶುರುಮಾಡಿದ್ದೆ. ಮೊಬೈಲಿನಲ್ಲಿ ಬಟ್ಟೆ ಮಾರುವ ಒಂದು ಕಂಪನಿಯ ಷೇರು ದಿನಕ್ಕಿಷ್ಟು ಏರುತ್ತಿತ್ತು. ಅದರ ಅಂಗಿ, ಕುರ್ತಾಗಳು ನಮ್ಮ ಓಣಿಗೂ ಬರುತ್ತಿದ್ದವು. ಒಂದೂ ಮೈಗೆ ಸರಿಯಾಗಿ ಕೂರುತ್ತಿರಲಿಲ್ಲ, ಎಲ್ಲವೂ ಬಿಚ್ಚಿ ಹೊಲಿಸಲು ಆಪಾನ ಕಟ್ಟೆಗೆ ಬರುತ್ತಿದ್ದವು.

"ಅವರ ಅಂಗಿ ಬಂದಷ್ಟೂ ನನಗ ಕೆಲಸ ಅದರಿ. ಇಷ್ಟು ಮಾರ್ಲಿಕತ್ತಾರಂದ್ರ ಕಂಪನಿ ಗಟ್ಟಿ ಇರಬೇಕಲ್ಲ ಸರ್? ನನ್ನ ರೊಕ್ಕನೂ ಅದರಾಗ ಹಾಕ್ರಿ" ಎಂದರು. ಬೇಡ ಎನ್ನಬೇಕಿತ್ತು. ನಾನು ಉಬ್ಬಿಹೋದೆ. ಐವತ್ತೂ ಸಾವಿರವನ್ನು ನನ್ನ ಹೆಸರಿನಲ್ಲೇ ಹಾಕಿದೆ.

ಒಂದೂವರೆ ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಷೇರು ಜಾರತೊಡಗಿತು. ಇಂಥ ಕಂಪನಿಗಳು ಲಾಭ ಮಾಡುವುದು ಯಾವಾಗ ಎಂದು ಟೀವಿಯಲ್ಲಿ ದೊಡ್ಡ ದೊಡ್ಡವರು ತಲೆ ಕೆಡಿಸಿಕೊಳ್ಳುತ್ತಿದ್ದರು. ಅದೇ ವಾರ ಒಂದು ಮಧ್ಯಾಹ್ನ ಆಪಾ ನಮ್ಮ ಮನೆಗೆ ಬಂದರು. ಕೈಯಲ್ಲಿ ಎರಡು ಅಂಗಿ. ಬಾಯಲ್ಲಿ ಸೂಜಿಗಳಿರಲಿಲ್ಲ. ಅಂಗಿಗಳನ್ನು ಒಳಮೈ ಹೊರಗೆ ಮಾಡಿ ನನ್ನ ಮುಂದೆ ಹಾಸಿದರು.

"ಇದು ಹೋದ ವರ್ಷದ್ದು. ಹೊಲಿಗಿ ಒಳಗ ಒಂದು ಬೆರಳಷ್ಟು ಬಟ್ಟಿ ಬಿಟ್ಟಾರ. ಬಿಚ್ಚಿ ಅಗಲ ಮಾಡಾಕ ಬರ್ತದ. ಇದು ಮೊನ್ನೆದು. ದಾರದ ಅಂಚಿಗೇ ಕತ್ತರ್ಸಿ ಬಿಟ್ಟಾರ, ನೋಡ್ರಿ. ನಾ ಏನ್ ಬಿಚ್ಚಲಿ? ಮಂದಿ ವಾಪಸ್ ಕಳಸ್ಲಿಕತ್ತಾರ. ಇಷ್ಟ ಬಟ್ಟಿ ಉಳಸಾಕ ನೋಡ್ತಾರಂದ್ರ ಅವರ ಕೈಯಾಗ ರೊಕ್ಕ ಇಲ್ರಿ ಸರ್."

ನಾನು ನಕ್ಕುಬಿಟ್ಟೆ. ಹೌದು, ನಕ್ಕೆ. ಮೊಬೈಲ್ ತೆಗೆದು ಷೇರಿನ ಏರಿಳಿತದ ಗೆರೆಯ ಚಿತ್ರ ತೋರಿಸಿ, "ಆಪಾ, ಎರಡು ಅಂಗಿ ನೋಡಿ ಇಡೀ ಕಂಪನಿ ಹಣೇಬರಹ ಹೇಳ್ತೀರೇನು?" ಎಂದೆ.

"ನಿಮ್ಮ ಗೆರಿ ನನಗ ತಿಳಿಯಂಗಿಲ್ಲ. ಹೊಲಿಗಿ ತಿಳೀತದ" ಎಂದರು. "ಮಾಲಕರನ್ನ ಕೇಳೀನಿ. ಇದ್ದ ಐವತ್ತು ಕೊಡು, ಉಳಿದದ್ದು ಹಬ್ಬದ ಮ್ಯಾಗ ಕೊಡು ಅಂದಾರ. ಇವತ್ತ ತೆಗೀರಿ."

ಅಂದು ಮಾರಿದ್ದರೆ ನಲವತ್ತೇಳು, ನಲವತ್ತೆಂಟು ಸಾವಿರವಾದರೂ ಕೈಗೆ ಬರುತ್ತಿತ್ತು. ಉಳಿದದ್ದನ್ನು ನಾನೇ ಸೇರಿಸಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ನನ್ನ ಲೆಕ್ಕ ತಪ್ಪಿತು ಎಂದು ಒಪ್ಪಿಕೊಳ್ಳುವುದು ಹೇಗೆ? "ಎಂಟು ದಿನ ತಡೀರಿ, ಮೇಲೆ ಬರ್ತದ" ಎಂದು ಕಳಿಸಿದೆ. ಅವರು ಅಂಗಿಗಳನ್ನು ಮಡಚಿ ಎತ್ತಿಕೊಂಡು ಹೋದರು.

ಷೇರು ಮೇಲೆ ಬರಲಿಲ್ಲ. ಒಂದು ದಿನ ಅರ್ಧ ರೂಪಾಯಿ ಏರಿದರೆ ಮರುದಿನ ನಾಲ್ಕು ಬೀಳುತ್ತಿತ್ತು. ವಾಡಿಗೆ ಹೋಗುವ ರೈಲಿನಲ್ಲಿ, ಕ್ಲಾಸಿನಲ್ಲಿ ಹುಡುಗರು ಲೆಕ್ಕ ಬಿಡಿಸುತ್ತಿರುವಾಗ, ಊಟದ ಮಧ್ಯೆ ಎಡಗೈಯಲ್ಲಿ, ಬರೀ ಮೊಬೈಲ್ ನೋಡುವುದೇ ಆಯಿತು. ನಾಳೆ ಮಾರೋಣ ಎಂದುಕೊಳ್ಳುವುದು, ನಾಳೆಯಾದರೆ ಇಷ್ಟು ಕಡಿಮೆಗೆ ಹೇಗೆ ಮಾರುವುದು ಎನ್ನುವುದು. ಸಂಜೆ ಸ್ಟೇಷನ್ನಿನಿಂದ ಬರುವಾಗ ಆಪಾನ ಕಟ್ಟೆ ತಪ್ಪಿಸಿ ಹಿಂದಿನ ಸಂದಿಯಿಂದ ಮನೆ ಸೇರುತ್ತಿದ್ದೆ. ಒಮ್ಮೆ ಎದುರಿಗೇ ಸಿಕ್ಕರು. "ಹೆಂಗದರಿ?" ಎಂದಷ್ಟೇ ಕೇಳಿದರು. "ಬರ್ತದ ಆಪಾ" ಎಂದೆ. 

ರಂಜಾನ್ ಚಂದ್ರ ಕಂಡ ಮರುದಿನ ಮಾರಿದೆ. ಅರ್ಧಕ್ಕಿಂತ ಕಡಿಮೆ ಉಳಿದಿತ್ತು. ಅದು ಕೈಗೆ ಬಂದ ಕೂಡಲೇ ನನ್ನ ಸಂಬಳದ ಹಣ ಸೇರಿಸಿ ಐವತ್ತು ಮಾಡಿಕೊಂಡು ಆಪಾನ ಕಟ್ಟೆಗೆ ಓಡಿದೆ. ಆದರೆ ಷೇರು ಮಾರಿದ ದಿನ ಬೆಳಿಗ್ಗೆಯೇ ಕೋಣೆ ಮೊಬೈಲ್ ಅಂಗಡಿಯವರ ಪಾಲಾಗಿತ್ತು.

ಆಪಾ ಹಣ ತೆಗೆದುಕೊಂಡರು. ಬೇಡ ಎನ್ನಲಿಲ್ಲ, ಕಣ್ಣೀರೂ ಹಾಕಲಿಲ್ಲ. ಯಂತ್ರದ ಗಾಲಿಯ ಮೇಲೆ ಕೈಯಿಟ್ಟು ಹೇಳಿದರು, "ಕೋಣಿ ಹೋದದ್ದು ನನ್ನ ನಸೀಬ ಅಂತೀನ್ರಿ. ನಲವತ್ತು ವರ್ಷ ಬಟ್ಟಿ ಹಿಡದಾಕಿ ಒಂದು ಮಾತ ಹೇಳೀನಿ, ನೀವು ನಕ್ರಿ. ಅದು ಮನಸಿಗೆ ಭಾಳ ಹತ್ತಿತು, ಸರ್." 

ಸಿಟ್ಟು ಅವರು ಇಟ್ಟುಕೊಳ್ಳಲಿಲ್ಲ. ಆ ಹಬ್ಬಕ್ಕೇ ಹಾಲು ಶಾವಿಗೆಯ ಸುರಕುರ್ಮಾ ಕಳಿಸಿದರು. ಆದರೆ ಅವರ ಕೈಗೆಟುಕುವ ಬಾಡಿಗೆಯ ಕೋಣೆ ಮತ್ತೆ ಸಿಗಲಿಲ್ಲ. ಎರಡು ವರ್ಷದಲ್ಲಿ ಸಕ್ಕರೆ ಕಾಯಿಲೆ ಅವರ ಮೂತ್ರಪಿಂಡಗಳನ್ನು ತಿಂದಿತು. ಕೂಡಿಟ್ಟ ಹಣ ಕಲಬುರಗಿಯ ಆಸ್ಪತ್ರೆಗೆ ಹೋಯಿತು. ಕೊನೆಯ ತಿಂಗಳ ತನಕ ಕಟ್ಟೆಯ ಮೇಲೆ ಕೂತು ಹೊಲಿದರು. ಅಳತೆ ಕೊಡಲು ಬಂದ ಹುಡುಗಿಯರಿಗೆ ಹಳೆಯ ಚಾದರವೊಂದನ್ನು ಮಗಳ ಕೈಯಲ್ಲಿ ಅಡ್ಡ ಹಿಡಿಸುತ್ತಿದ್ದರು.

ಆಪಾಗೆ ಮಣ್ಣು ಕೊಟ್ಟು ದಫನ್ ಮುಗಿಸಿ ಬಂದ ದಿನ ಅವರ ಮಗಳು ನನಗೆ ಚಹಾ ಕೊಟ್ಟು, "ಅಮ್ಮಿ ನಿಮ್ಮ ಹೆಸರು ಭಾಳ ತಗೋತಿದ್ಲು. ಸರ್ ನನ್ನ ರೊಕ್ಕ ಒಂದು ಪೈಸಾ ಮುಳುಗಿಸಲಿಲ್ಲ ಅಂತಿದ್ಲು" ಎಂದಳು. ನಾನು ಕಪ್ಪು ಕೆಳಗಿಟ್ಟೆ. ಕೋಣೆ ಕೈತಪ್ಪಿದ್ದು ಯಾರಿಂದ ಎಂಬುದನ್ನು ಆಪಾ ಮಗಳಿಗೂ ಹೇಳಿರಲಿಲ್ಲ. ನಾನೇ ಹೇಳಿದೆ, "ಇಲ್ಲಮ್ಮ, ನಿಮ್ಮಮ್ಮಿ ಕೋಣಿ ಮುಳುಗಿಸಿದವ ನಾನೇ."