ಸಂಸದರಿಗೆ ನಾನು ಮಾಡಿಕೊಟ್ಟ ಅನುವಾದ

ಗಲ್ಫಿನ ಹಮದ್ ಬಂದರಿನ ಬಳಿಯ ನಮ್ಮ ಕಂಪನಿಯ ಲೇಬರ್ ಕ್ಯಾಂಪಿಗೆ ಬಂದ ಬ್ರಿಟಿಷ್ ಸಂಸದರು ಸೀದಾ ಕುಂದಾಪುರದ ಶೇಖರನ ಮಂಚದ ಮೇಲೆ ಕುಳಿತುಬಿಟ್ಟರು. ಪಾರ್ಲಿಮೆಂಟಿಗೆ ಹೋಗುವ ಮೊದಲು ತಾವೂ ಕಲ್ಲಿದ್ದಲು ಗಣಿಯಲ್ಲಿ ದುಡಿದವರಂತೆ, ಅವರ ಅಪ್ಪ ಸತ್ತದ್ದೂ ಅಲ್ಲೇ ಅಂತೆ. ಕೆಲಸಗಾರರು ಹೆದರದೆ ತಮ್ಮ ಕಷ್ಟ ಹೇಳಲಿ ಎಂದರು. ಆಫೀಸ್ ಗುಮಾಸ್ತನಾದ ನಾನು ದುಭಾಷಿ.

“ನನ್ನ ತಮ್ಮ ಬಿಸ್ಲಲ್ಲಿ ಕೆಲ್ಸ ಮಾಡಿ ಬಂದು ಮಲಗಿದವ ಏಳ್ಲೇ ಇಲ್ಲ ಸರ್. ಇದೇ ಮಂಚ. ಅವರಿಗೆ ಹೇಳಿ” ಎಂದ ಶೇಖರ.

ಬಾಗಿಲಲ್ಲಿ ಮ್ಯಾನೇಜರ್ ನಿಂತಿದ್ದರು. ನನಗೆ ಐನ್ ಖಾಲಿದ್ ಬಡಾವಣೆಯ ನನ್ನ ಮನೆ, ಮಕ್ಕಳ ಶಾಲೆ ನೆನಪಾಯಿತು. ಊಟ, ವಸತಿ ಎಲ್ಲ ಚೆನ್ನಾಗಿದೆಯಂತೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಸಂಸದರು ಅದನ್ನು ಬರೆದುಕೊಂಡು ಶೇಖರನ ಕೈ ಹಿಡಿದರು. ಅವನ ಕಣ್ಣು ತುಂಬಿತು.

ಈಗಲೂ ಮೆಸ್ಸಿನಲ್ಲಿ ಸಿಕ್ಕಾಗಲೆಲ್ಲ ಶೇಖರ ಕೇಳುತ್ತಾನೆ: “ಆ ಸಾಹೇಬ್ರದ್ದು ಏನಾದ್ರೂ ಉತ್ತರ ಬಂತಾ ಸರ್?” ಇನ್ನೂ ಇಲ್ಲ ಎನ್ನುತ್ತೇನೆ.