ಬಾಲ ಮರೆತ ಟಾರ್ಸಿಯರ್ ಜೊತೆ ರಿವರ್‌ಸೈಡ್‌ವರೆಗೆ

ಬೆಳಿಗ್ಗೆ ಏಳೂವರೆಗೆ ಹೈರಿಡ್ಜ್‌ನ ಮನೆಯಿಂದ ಹೊರಟೆವು: ನಾನು, ಮೊಮ್ಮಗಳು ಅನಿಕಾ, ಶೂ ಡಬ್ಬದೊಳಗೆ ಒಂದು ಟಾರ್ಸಿಯರ್. ಫಿಲಿಪೀನ್ಸ್, ಬೋರ್ನಿಯೊ ಕಡೆಯ ಅಂಗೈಯಷ್ಟು ಪ್ರಾಣಿ. ಮೂರನೇ ಕ್ಲಾಸಿನ ಅನಿಕಾ ಅಂದು ಮೊದಲ ಸಲ ಎಲ್ಲರೆದುರು ನಿಂತು ಅದರ ಬಗ್ಗೆ ಮಾತಾಡಬೇಕಿತ್ತು.

ಡಬ್ಬದಲ್ಲಿದ್ದದ್ದು ಅದರ ಗೊಂಬೆ, ಮಾಡಿದ್ದು ನಾನು. ಫೋಟೋದಲ್ಲಿ ಮುಖ ಕಂಡ ಕೂಡಲೇ "ಅಯ್ಯೋ, ಇದು ನಮ್ಮ ತುಮಕೂರಿನ ಕಾಡುಪಾಪ ಕಣೇ!" ಎಂದು, ಮುಂದೇನೂ ಕೇಳದೆ, ಅವಳು ಮಲಗಿದ ಮೇಲೆ ಮೈದಾಹಿಟ್ಟು ಕಲಸಿದ್ದೆ. ಡಿಕಾಕ್ಷನ್ ಬಣ್ಣ, ಕೋಟಿನ ಗುಂಡಿಗಳ ಕಣ್ಣು, ಕೈಯಲ್ಲೊಂದು ಬಾಳೆಹಣ್ಣು.

ಮಟಾಟು, ಅಂದರೆ ಇಲ್ಲಿನ ಮಿನಿಬಸ್ಸು, ಹತ್ತಿದೆವು. ವೆಸ್ಟ್‌ಲ್ಯಾಂಡ್ಸ್‌ಗೆ ತಲೆಗೆ ಐವತ್ತು ಶಿಲ್ಲಿಂಗ್. ಇಲ್ಲಿ ಜುಲೈ ಅಂದರೆ ಚಳಿಗಾಲ, ಕಿಟಕಿಗಳೆಲ್ಲ ಮಂಜಾಗಿದ್ದವು. ಅನಿಕಾ ಡಬ್ಬ ತೆರೆದಳು.

"ಅಜ್ಜೀ! ವೇರ್ ಈಸ್ ದ ಟೇಲ್?"

"ಕಾಡುಪಾಪಕ್ಕೆ ಬಾಲ ಎಲ್ಲಿರತ್ತೆ?"

"ಇಟ್ಸ್ ನಾಟ್ ಕಾಡುಪಾಪ! ಟೇಲ್ ಬಾಡಿಗಿಂತ ಡಬಲ್. ಅಂಡ್ ನೋ ಬನಾನಾ! ಇಟ್ ಈಟ್ಸ್ ಓನ್ಲಿ ಇನ್‌ಸೆಕ್ಟ್ಸ್, ಲಿಝರ್ಡ್ಸ್. ಅಲೈವ್!"

"ಒಂದು ಎಲೆ? ಒಂದು ಹಣ್ಣು?"

"ನಥಿಂಗ್."

ಕೋತಿಯ ಬಳಗದಲ್ಲಿ ಹುಟ್ಟಿ ಸೊಪ್ಪನ್ನೇ ಮುಟ್ಟದ ಪ್ರಾಣಿ! ಒಂದೊಂದು ಕಣ್ಣೂ ಅದರ ಮೆದುಳಿನಷ್ಟು ದೊಡ್ಡದಂತೆ. ಕಣ್ಣುಗುಡ್ಡೆ ಅಲ್ಲಾಡುವುದಿಲ್ಲವಂತೆ, ಕತ್ತನ್ನೇ ಬೆನ್ನ ಕಡೆಗೆ ತಿರುಗಿಸುತ್ತದಂತೆ. ಹೇಳುತ್ತಲೇ ಹುಡುಗಿ ಅತ್ತಳು. "ದೇ ವಿಲ್ ಲಾಫ್. ಐ ವೋಂಟ್ ಗೋ."

ದೀಪದ ಬತ್ತಿಗೆಂದು ನನ್ನ ಚೀಲದಲ್ಲಿ ಸದಾ ಹತ್ತಿ ಇರುತ್ತದೆ. ತೊಡೆಯ ಮೇಲೆ ಉದ್ದನೆಯ ಬತ್ತಿ ಹೊಸೆದು, ತುದಿಗೆ ಕುಚ್ಚು ಬಿಟ್ಟು, ಫ್ಲಾಸ್ಕಿನ ಕಾಫಿಯಲ್ಲಿ ಅದ್ದಿ, ಬಳೆಯಲ್ಲಿದ್ದ ಪಿನ್ನಿನಿಂದ ಹಿಂದಕ್ಕೆ ಚುಚ್ಚಿದೆ. ಬಾಲ ನಿಂತಿತು.

ಕಂಡಕ್ಟರ್ ಬಗ್ಗಿ ನೋಡಿದ. ಅಜ್ಜಿಯರನ್ನು ಇಲ್ಲಿ ಶೋಶೋ ಅನ್ನುತ್ತಾರೆ. "ಶೋಶೋ, ರ‍್ಯಾಟ್?"

"ನೋ. ನಾನ್‌ವೆಜ್ ಮಂಕಿ. ದೂರ ನಿಲ್ಲಪ್ಪ, ಕಚ್ಚತ್ತೆ!"

ಅವನು ಕೈ ಹಿಂದಕ್ಕೆಳೆದ. ಅನಿಕಾ ಕಣ್ಣೀರಿನ ನಡುವೆಯೇ ನಕ್ಕಳು.

ಬಾಳೆಹಣ್ಣು ಕಿತ್ತು, ಕೆಮ್ಮಿಗಿಟ್ಟಿದ್ದ ಲವಂಗವನ್ನು ಗೊಂಬೆಯ ಕೈಗೆ ಸಿಕ್ಕಿಸಿದೆ. ಥೇಟ್ ಹುಳ! ಎಪ್ಪತ್ತೆರಡು ವರ್ಷ ಮೊಟ್ಟೆಯನ್ನೂ ಮುಟ್ಟದ ಕೈಯಿಂದ ಹುಳ ಉಣಿಸಿದ್ದೆ.

ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಇಳಿದು ರಿವರ್‌ಸೈಡ್‌ನ ಶಾಲೆಗೆ ನಡೆದೆವು. ಅಜ್ಜಿಯರಿಗೆ ಕ್ಲಾಸಿನೊಳಗೆ ಪ್ರವೇಶವಿಲ್ಲ, ಕಿಟಕಿಯಾಚೆ ನಿಂತೆ. ಮೊದಲು ಅವಳ ದನಿ ನಡುಗಿತು. ಬಾಲ ಎತ್ತಿ ತೋರಿಸಿದಾಗ ಮಕ್ಕಳು "ವಾವ್" ಎಂದರು. ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ.

ಗೇಟಿನಿಂದ ತಿರುಗಿ ನೋಡಿದೆ. ಕ್ಲಾಸಿನ ಕಿಟಕಿಯೊಳಗೆ ಅನಿಕಾ ಬೋರ್ಡಿನ ಕಡೆ ಎದೆಕೊಟ್ಟು, ಕತ್ತನ್ನು ಮಾತ್ರ ಪೂರ್ತಿ ಹಿಂದಕ್ಕೆ ತಿರುಗಿಸಿ, ರೆಪ್ಪೆ ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು. ನಾನೂ ಹಾಗೇ ನೋಡಿದೆ. ಕತ್ತು ಹಿಡಿದುಕೊಂಡಿತು, ಮನೆವರೆಗೂ ಹಾಗೇ ಬಂದೆ.