ಚಿಲಕದಕ್ಕನ ಎರಡು ಬಡಿತ

ಅವಳು ಕರುಣೆ ಇಲ್ಲದ ಹೆಂಗಸು. ಜೊತೆಗೆ ಕೆಲಸ ಮಾಡಿದವರಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ಅವಳನ್ನೇ ಕೇಳಿದರೂ ಅಲ್ಲಗಳೆಯುತ್ತಿರಲಿಲ್ಲ. "ಅಯ್ಯೋ ಪಾಪ ಅನ್ನೋಕೆ ಹಡಗಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಾಗಿಲು ಹಾಕೋಕೆ ನಾನೊಬ್ಬಳೇ" ಎನ್ನುತ್ತಿದ್ದಳು. ಹಾಗಾಗಿ ಅವಳಿಗೆ ಚಿಲಕದಕ್ಕ ಎಂದು ಹೆಸರು ಬಿದ್ದಿತ್ತು. ಮೊದಮೊದಲು ಬೆನ್ನ ಹಿಂದೆ ಆಡುತ್ತಿದ್ದ ಹೆಸರು, ಬರಬರುತ್ತ ಮುಖದೆದುರೇ ಆಡುವಷ್ಟು ಹಳತಾಯಿತು.

ಅದು ಪ್ರವಾಸಿಗರನ್ನು ಸಮುದ್ರದ ಮೇಲೆ ಸುತ್ತಾಡಿಸಿ ತರುವ ದೊಡ್ಡ ಹಡಗು. ಮೇಲಿನ ಅಂತಸ್ತುಗಳಲ್ಲಿ ಈಜುಕೊಳ, ವಾದ್ಯಗೋಷ್ಠಿ, ಹೊತ್ತುಹೊತ್ತಿಗೂ ಊಟ. ಆದರೆ ಎಷ್ಟೇ ದೊಡ್ಡದಾದರೂ ಹಡಗೆಂದರೆ ಮುಚ್ಚಿದ ಡಬ್ಬಿ. ಅದರಲ್ಲಿ ಒಬ್ಬನಿಗೆ ವಾಂತಿ ಭೇದಿ ಹಿಡಿದರೆ ಅವನು ಹಿಡಿದ ಕಂಬಿ, ಒತ್ತಿದ ಲಿಫ್ಟಿನ ಗುಂಡಿ, ಮುಟ್ಟಿದ ಉಪ್ಪಿನ ಡಬ್ಬಿ ಎಲ್ಲವೂ ಇನ್ನೊಬ್ಬನ ಕೈಗೆ ಅದನ್ನು ದಾಟಿಸುತ್ತವೆ. ಊಟದ ಕೋಣೆಯ ಬಾಗಿಲಲ್ಲಿ ಕೈಗೆ ಸುರಿಯುವ ಘಮಘಮ ದ್ರವಕ್ಕೆ ಆ ಕಾಯಿಲೆ ಬಗ್ಗುವುದಿಲ್ಲ. ಸೋಪು ಹಚ್ಚಿ ತಿಕ್ಕಿ ತೊಳೆಯಬೇಕು. ರಜೆಗೆಂದು ಬಂದವರಿಗೆ ಇದನ್ನು ಹೇಳುವವರು ಯಾರು? ಹೇಳಿದರೂ ಕೇಳುವವರು ಯಾರು? ಕಾಯಿಲೆ ಹಬ್ಬಿತೆಂದರೆ ಕೆಳಗಿನ ಅಂತಸ್ತಿನ ಒಂದು ಓಣಿಯನ್ನು ಖಾಲಿ ಮಾಡಿಸಿ, ಹಿಡಿದವರನ್ನೆಲ್ಲ ಅಲ್ಲಿಯ ಕ್ಯಾಬಿನ್‌ಗಳಿಗೆ ಸೇರಿಸಿ ಬಾಗಿಲು ಹಾಕುತ್ತಿದ್ದರು. ಆ ಓಣಿ ಚಿಲಕದಕ್ಕನ ಸುಪರ್ದಿಗೆ ಬರುತ್ತಿತ್ತು.

ಅಲ್ಲಿ ಕಿಟಕಿಗಳಿರಲಿಲ್ಲ. ಹೊರಗೆ ನೀರು. ಹಗಲೂ ಒಂದೇ ದೀಪ, ಸಂಜೆಯೂ ಅದೇ ದೀಪ. ಉದ್ದಕ್ಕೆ ಹಾಸಿದ ಕಾರ್ಪೆಟ್ಟಿನ ಮೇಲೆ ಅವಳ ಟ್ರಾಲಿಯ ಒಂದು ಗಾಲಿ ಕಿರುಗುಟ್ಟುತ್ತಿತ್ತು. ಬ್ಲೀಚಿನ ವಾಸನೆ ಮೂಗಿಗೆ ಅಂಟಿಕೊಂಡು, ಕೆಲಸ ಮುಗಿದ ಮೇಲೂ ತಿನ್ನುವ ಅನ್ನದಲ್ಲಿ ಅದೇ ವಾಸನೆ.

ಮದುವೆಯಾಗಿತ್ತು. ಗಂಡನ ವಿಚಾರ ಕೇಳಿದರೆ, "ಇಳಿದ" ಎನ್ನುತ್ತಿದ್ದಳು, ರೇವಿನಲ್ಲಿ ಇಳಿದುಹೋದ ಪ್ರಯಾಣಿಕನ ಬಗ್ಗೆ ಹೇಳುವ ಹಾಗೆ. ಅದಕ್ಕಿಂತ ಹಿಂದಿನ ಸಂಗತಿ ಒಂದನ್ನು ಮಾತ್ರ ಹಡಗಿನ ಲಾಂಡ್ರಿಯವನಿಗೆ ಹೇಳಿದ್ದಳು. ಅವನೂ ಅವಳ ಭಾಷೆಯವನೇ. ಅವಳು ಚಿಕ್ಕವಳಿದ್ದಾಗ ತಾಯಿ ಎದೆಯ ಕಾಯಿಲೆಯಿಂದ ಆಸ್ಪತ್ರೆಯ ಬೇರೆ ವಾರ್ಡಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದಳಂತೆ. ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಅಪ್ಪ ಸಂಜೆ ಕರೆದುಕೊಂಡು ಹೋಗಿ, ಬಿಳಿ ಬಣ್ಣ ಬಳಿದ ಕಿಟಕಿಯ ಗಾಜಿನ ಎತ್ತರಕ್ಕೆ ಅವಳನ್ನು ಎತ್ತಿ ಹಿಡಿಯುತ್ತಿದ್ದ. ಅವಳು ಎರಡು ಸಲ ಬಡಿದರೆ ಒಳಗಿನಿಂದ ತಾಯಿ ಎರಡು ಸಲ ಬಡಿಯುವಳು. ತಾಯಿಯ ಉಂಗುರ ಗಾಜಿಗೆ ತಾಕಿ ಟಕ್ ಎನ್ನುತ್ತಿತ್ತು. ಒಂದು ಸಂಜೆ ಉತ್ತರವೇನೋ ಬಂತು, ಉಂಗುರದ ಸದ್ದಿರಲಿಲ್ಲ. ತಾಯಿ ಆಗಲೇ ಸತ್ತು ಮಣ್ಣಾಗಿದ್ದಳು. ಆ ಮಂಚಕ್ಕೆ ಬಂದ ಬೇರೆ ಯಾವಳೋ ಬಡಿದಿದ್ದಳು. ಅಪ್ಪ ಗೊತ್ತಿದ್ದೇ ಎತ್ತಿ ಹಿಡಿದಿದ್ದ.

"ಪಾಪ, ಆಯಮ್ಮ ಒಳ್ಳೇದಕ್ಕೇ ಮಾಡಿರ್ಬೇಕು ಅಕ್ಕ" ಎಂದಿದ್ದ ಲಾಂಡ್ರಿಯವನು.

"ಸತ್ತವಳ ಕೈ ಆಗೋಕೆ ಅವಳ್ಯಾರು?" ಎಂದಿದ್ದಳು. ಆ ಕಾಣದ ಹೆಂಗಸನ್ನು ಅವಳು ಎಂದೂ ಕ್ಷಮಿಸಲಿಲ್ಲ.

ಹಾಗಿದ್ದರೂ ಬಡಿತದ ಪದ್ಧತಿಯನ್ನು ಓಣಿಗೆ ತಂದವಳು ಅವಳೇ. ಕಾಯಿಲೆಯವರು ಫೋನು ಎತ್ತುವುದಿಲ್ಲ. ಡಾಕ್ಟರೂ ನರ್ಸೂ ಪ್ರತಿ ಬಾಗಿಲಿಗೂ ಹೊತ್ತಿಗೊಮ್ಮೆ ಬರಲಾರರು. ಅವಳು ಟ್ರೇ ಇಟ್ಟು ಬಾಗಿಲಿಗೆ ಎರಡು ಬಾರಿ ಬಡಿಯುವಳು. ಒಳಗಿನವರು ಮಲಗಿದಲ್ಲಿಂದಲೇ ಗೋಡೆಗೆ ಎರಡು ಬಾರಿ ಬಡಿಯಬೇಕು. ಬಡಿತ ಬಂತೋ, ಮುಂದಿನ ಬಾಗಿಲು. ಬರಲಿಲ್ಲವೋ, ಡಾಕ್ಟರಿಗೆ ಕರೆ. ಹೊರಗಿನಿಂದ ಬಾಗಿಲು ತೆಗೆಯುವ ಅಧಿಕಾರ ಡಾಕ್ಟರಿಗೆ ಮಾತ್ರ.

ಆ ಸಲ ಓಣಿಯ ಕೊನೆಯ ಕ್ಯಾಬಿನ್‌ಗೆ ಒಬ್ಬ ಮುದುಕರು ಬಂದರು. ಅವರ ಹೆಂಡತಿಗೆ ಕಾಯಿಲೆ ಇನ್ನೂ ಹಿಡಿದಿರಲಿಲ್ಲ, ಹಿಡಿಯುವ ಭಯವಿತ್ತು. ಆಕೆಯನ್ನು ಪಕ್ಕದ ಕ್ಯಾಬಿನ್‌ನಲ್ಲಿ ಬೇರೆ ಇಟ್ಟರು. ಇಬ್ಬರ ಮಂಚಗಳೂ ನಡುವಿನ ಒಂದೇ ಗೋಡೆಗೆ ತಾಗಿದ್ದವು. ಹಡಗಿನ ಗೋಡೆ ಎಂದರೇನು, ತಗಡು. ಮುದುಕರು ಚಮಚದಿಂದ ಬಡಿಯುತ್ತಿದ್ದರು. ಟಿಣ್, ಟಿಣ್. ಚಿಲಕದಕ್ಕ ಅತ್ತ ಹೋದ ಮೇಲೆ ಮತ್ತೆ ಟಿಣ್, ಟಿಣ್, ಅದು ಹೆಂಡತಿಗೆ. "ನೀರು ಕುಡಿದ್ಯೇನೇ?" ಎಂದು ಇವರು, "ಕುಡಿದೆ ರೀ" ಎಂದು ಆಕೆ. ಸೊಸೆಯಂದಿರು ಕದ್ದು ಕೇಳುವಂತೆ ನರ್ಸ್ ನಿಂತು ಕೇಳಿ ನಗುತ್ತಿದ್ದಳು. ಚಿಲಕದಕ್ಕ ನಗಲಿಲ್ಲ.

ಮುದುಕರು ಸೊರಗತೊಡಗಿದರು. ಇನ್ನೂ ಕೆಟ್ಟರೆ ಮುಂದಿನ ರೇವಿನ ಆಸ್ಪತ್ರೆಗೆ ಒಪ್ಪಿಸಬೇಕಾದೀತು ಎಂದು ಡಾಕ್ಟರು ಹೇಳಿದರು. ಆ ದಿನ ಹೆಂಡತಿ ಬಾಗಿಲನ್ನು ಸಂದಿನಷ್ಟು ತೆರೆದು ಚಿಲಕದಕ್ಕನನ್ನು ಕರೆದಳು.

"ಅಮ್ಮಾ, ಒಂದು ಮಾತು. ಅವರನ್ನ ಗೊತ್ತಿಲ್ಲದ ಊರಲ್ಲಿ ಇಳಿಸಬೇಡಿ. ಹಿಂದೆ ಒಂದ್ಸಲ ಹಂಗೇ ಆಗಿತ್ತು. ನಮ್ಮ ಮಾತು ಬಾರದ ಆಸ್ಪತ್ರೇಲಿ ಒಬ್ಬರೇ ಬಿದ್ದಿದ್ರು. ಇನ್ನೊಂದು ಸಲ ಬಿಡಲ್ಲ ಅಂತ ಮಾತು ಕೊಟ್ಟಿದೀನಿ."

"ಅದು ಡಾಕ್ಟರಿಗೆ ಬಿಟ್ಟಿದ್ದು. ಬಾಗಿಲು ಹಾಕ್ಕೊಳಿ."

"ಒಂದೇ ಒಂದ್ಸಲ ಒಳಗೆ ಹೋಗಿ ನೋಡಿ ಬರ್ತೀನಿ."

"ನೋಡಿದ್ರೆ ಕಾಯಿಲೆ ಹೋಗುತ್ತಾ? ಹಾಕ್ಕೊಳಿ ಬಾಗಿಲು."

ಮರುದಿನ ಸಂಜೆ ಅವಳು ಬಡಿದಾಗ ಎರಡು ಬಡಿತ ಬಂದವು. ಚಮಚದ್ದಲ್ಲ, ಬೆರಳಿನ ಗೆಣ್ಣಿನದು. ಅವಳು ಅರೆಕ್ಷಣ ನಿಂತಳು. ಚಮಚ ಕೈಜಾರಿ ಬಿದ್ದಿರಬೇಕು ಎಂದುಕೊಂಡು ಮುಂದಕ್ಕೆ ಹೋದಳು. ಬೆಳಿಗ್ಗೆಯೂ ಹಾಗೇ. ನಿನ್ನೆಯ ಟ್ರೇ ಇಟ್ಟಲ್ಲೇ ಇತ್ತು, ಬ್ರೆಡ್ಡು ಒಣಗಿ ಹಪ್ಪಳವಾಗಿತ್ತು. ಹೊಟ್ಟೆ ಕೆಟ್ಟವರು ಬಾಗಿಲವರೆಗೆ ಎದ್ದು ಬರದಿರುವುದು ಹೊಸದೇನಲ್ಲ. ಮಧ್ಯಾಹ್ನದ ಬಡಿತ ತೀರ ಬೇಗ ಬಂತು. ಅವಳ ಎರಡನೆಯ ಬಡಿತ ಮುಗಿಯುವ ಮೊದಲೇ. ದಿನದಿನಕ್ಕೆ ನಿಧಾನವಾಗುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಚುರುಕಾಗಿದ್ದ.

"ಕೊನೆ ಕ್ಯಾಬಿನ್ನವರು ಹೇಗಿದ್ದಾರಕ್ಕ?" ಎಂದು ಲಾಂಡ್ರಿಯವನು ಕೇಳಿದ, ಕಾಯಿಲೆಯವರ ಬಟ್ಟೆ ತುಂಬಿದ ಕೆಂಪು ಚೀಲಗಳನ್ನು ಎತ್ತಿಕೊಳ್ಳುತ್ತ.

"ಬಡಿತಿದ್ದಾರೆ."

"ಮತ್ತೆ ಮುಖ ಯಾಕೆ ಹಂಗಿದೆ?"

"ನನ್ನ ಮುಖ ಇರೋದೇ ಹೀಗೆ."

ಸಂಜೆ ಅವಳು ಕೊನೆಯ ಬಾಗಿಲಿಗೆ ಟ್ರಾಲಿ ತಂದು ನಿಲ್ಲಿಸಿದಳು. ಟ್ರೇ ಇಟ್ಟಳು. ಬಡಿಯಲಿಲ್ಲ. ಸುಮ್ಮನೆ ನಿಂತಳು. ಯಂತ್ರದ ಗುಂಯ್‌ಗುಡುವಿಕೆ ಬಿಟ್ಟರೆ ಓಣಿಯಲ್ಲಿ ಸದ್ದಿಲ್ಲ.

ಒಳಗಿನಿಂದ ಎರಡು ಬಡಿತ ಬಂದವು.

ಕೇಳದ ಪ್ರಶ್ನೆಗೆ ಬಂದ ಉತ್ತರ ಅದು. ಅವಳು ಡಾಕ್ಟರಿಗೆ ಕರೆ ಮಾಡಿದಳು.

ಡಾಕ್ಟರು ನರ್ಸಿನೊಂದಿಗೆ ಬಂದು ಬಾಗಿಲು ತೆಗೆದರು. ಮುದುಕರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕೈ ಮಂಚದಿಂದ ಕೆಳಗೆ ಇಳಿಬಿದ್ದಿತ್ತು. ಅದರ ಕೆಳಗೆ ನೆಲದ ಮೇಲೆ ಚಮಚ. ತುಟಿ ಒಣಗಿ ಬಿರಿದಿತ್ತು. ಡಾಕ್ಟರು ಮುಟ್ಟಿ ನೋಡಿ, ಕೈ ಹಿಂದೆಗೆದುಕೊಂಡು ದನಿ ತಗ್ಗಿಸಿದರು.

"ಬೆಳಗಿನ ಜಾವದಲ್ಲೇ ಹೋಗಿದ್ದಾರೆ. ಮೈಯಲ್ಲಿ ನೀರೇ ಉಳಿದಿಲ್ಲ. ನಿನ್ನೆ ಸಂಜೆ ಕರೆದಿದ್ದರೆ ಏನಾದರೂ ಮಾಡಬಹುದಿತ್ತು." ಆಮೇಲೆ ಅವಳ ಕಡೆ ತಿರುಗಿದರು. "ಬೆಳಿಗ್ಗೆ ಬಡಿದರು ಅಂದೆಯಲ್ಲ? ಮಧ್ಯಾಹ್ನವೂ ಬಡಿದರು ಅಂದೆ."

ಅವಳು ಬಾಯಿ ತೆರೆಯುವಷ್ಟರಲ್ಲಿ, ಸತ್ತವರ ತಲೆಯ ಪಕ್ಕದಲ್ಲೇ, ಗೋಡೆಯಲ್ಲಿ ಎರಡು ಬಡಿತ ಕೇಳಿದವು. ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು. ನರ್ಸ್ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಚಿಲಕದಕ್ಕ ಮಾತ್ರ ಹೊರಗೆ ಹೋಗಿ ಪಕ್ಕದ ಬಾಗಿಲನ್ನು ತೆರೆದಳು. ಅಧಿಕಾರ ಇತ್ತೋ ಇಲ್ಲವೋ ಎಂದು ಆ ಹೊತ್ತಿಗೆ ಯಾರೂ ಕೇಳಲಿಲ್ಲ.

ಮುದುಕಿ ಮಂಚದ ಮೇಲೆ ಮೊಣಕಾಲೂರಿ ಗೋಡೆಗೆ ಕಿವಿ ಕೊಟ್ಟು ಕೂತಿದ್ದಳು. ಕೈ ಇನ್ನೂ ಮುಷ್ಟಿಯಾಗಿಯೇ ಇತ್ತು.

"ನೀವಾ ಬಡಿದಿದ್ದು?"

"ಮಲಗಿದ್ದಾರೆ ಅಂದ್ಕೊಂಡೆ, ಅಮ್ಮಾ. ನಿನ್ನೆಯಿಂದ ನಿದ್ದೆ ಹತ್ತಿದೆ, ಎಬ್ಬಿಸೋದು ಬೇಡ ಅಂತ. ಬಡಿತ ಇಲ್ಲ ಅಂದ್ರೆ ನೀವು ಇಳಿಸಿಬಿಡ್ತೀರಲ್ಲ. ಟ್ರಾಲಿ ಸದ್ದು, ಬಾಗಿಲ ಸದ್ದು ಕೇಳಿದಾಗೆಲ್ಲ ನಾನೇ ಬಡಿದೆ. ಎದ್ದಿದ್ದಾರಾ?"

"ಹೋಗಿದ್ದಾರೆ" ಎಂದಳು ಚಿಲಕದಕ್ಕ. "ನಿಮ್ಮ ಬಡಿತ ಕೇಳಿಸದೇ ಹೋಗಿದ್ರೆ ನಿನ್ನೇನೇ ಡಾಕ್ಟರು ಒಳಗೆ ಹೋಗಿರೋರು."

ಬಾಗಿಲು ಹಾಕಿದಳು. ಓಣಿಯಲ್ಲಿ ನರ್ಸ್ ಅವಳ ತೋಳು ಹಿಡಿದಳು. "ಆ ಮಾತು ಇವತ್ತೇ ಆಡಬೇಕಿತ್ತಾ? ನಿನಗೇನು ಎದೇಲಿ ಕಲ್ಲಿದೆಯಾ?"

"ನಾಳೆ ಆಡಿದ್ರೆ ಮಾತು ಬೇರೆಯಾಗುತ್ತಾ?"

ಚಮಚದ ಸದ್ದು ನಿಂತದ್ದು ತನ್ನ ಕಿವಿಗೂ ಬಿದ್ದಿತ್ತು ಎಂಬುದನ್ನು ಅವಳು ನರ್ಸಿಗೆ ಹೇಳಲಿಲ್ಲ. ಡಾಕ್ಟರಿಗೂ ಹೇಳಲಿಲ್ಲ.

ದೇಹವನ್ನು ಹಡಗಿನ ಶೀತಲ ಕೋಣೆಗೆ ಒಯ್ದರು. ಆ ಕ್ಯಾಬಿನ್ನಿನ ಹಾಸಿಗೆ, ದಿಂಬು, ಲೋಟ, ತಟ್ಟೆ ಎಲ್ಲವನ್ನೂ ಚೀಲಕ್ಕೆ ತುಂಬಿ ಕಟ್ಟಿ, ಗೋಡೆ ನೆಲ ಎಲ್ಲ ಬ್ಲೀಚಿನಿಂದ ಒರೆಸಿ ಬೀಗ ಹಾಕಬೇಕು. ಚಿಲಕದಕ್ಕ ಒರೆಸಿದಳು, ಬೀಗ ಹಾಕಿದಳು. ಅಷ್ಟರಲ್ಲಿ ಮುದುಕಿಗೂ ಭೇದಿ ಹಿಡಿಯಿತು. ಊರಿನ ರೇವು ಇನ್ನೂ ದೂರವಿತ್ತು.

ಟ್ರೇ ಇಟ್ಟ ಹಾಗೇ ಇರುತ್ತಿತ್ತು. ಉಪ್ಪು ಸಕ್ಕರೆ ಬೆರೆಸಿದ ನೀರಿನ ಲೋಟವನ್ನು ನರ್ಸ್ ಒಳಗೆ ಒಯ್ದು ತುಟಿಗೆ ಹಿಡಿದರೆ ಮುಖ ತಿರುಗಿಸುತ್ತಿದ್ದಳು. ಡಾಕ್ಟರು ಚುಚ್ಚಿ ಹೋದ ಸೂಜಿಯನ್ನು ಕಿತ್ತು ಹಾಕಿದಳು. "ಹೀಗೇ ಆದರೆ ಇವರನ್ನೂ ಕೆಳಗೆ ಒಯ್ಯಬೇಕಾಗುತ್ತೆ" ಎಂದರು ಡಾಕ್ಟರು, ಶೀತಲ ಕೋಣೆಯ ಹೆಸರು ಎತ್ತದೆ. ಬಾಗಿಲಿಗೆ ಬಡಿದರೆ ಮುದುಕಿ ಉತ್ತರ ಕೊಡುತ್ತಿರಲಿಲ್ಲ. ಆದರೆ ಬಡಿಯುತ್ತಿದ್ದಳು. ಬೀಗ ಹಾಕಿದ ಕ್ಯಾಬಿನ್ನಿನ ಕಡೆಯ ಗೋಡೆಗೆ, ಎರಡು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎರಡು. ಖಾಲಿ ಕ್ಯಾಬಿನ್ನಿನ ತಗಡೆಲ್ಲ ಅದನ್ನು ಹಿಡಿದು ಓಣಿಗೆ ಬಿಡುತ್ತಿತ್ತು. ಹೊರಗೆ ನಿಂತವರಿಗೆ ಸದ್ದು ಸತ್ತವರ ಬಾಗಿಲಿನಿಂದಲೇ ಬಂದಂತೆ ಕೇಳುತ್ತಿತ್ತು.

ಲಾಂಡ್ರಿಯವನು ಕೆಂಪು ಚೀಲಗಳನ್ನು ಓಣಿಯ ತುದಿಗೇ ತಂದುಕೊಡು ಎಂದ. "ಒಳಗೆ ಬರಲ್ಲಕ್ಕ. ನನ್ನ ಕಾಲು ಬರೋಲ್ಲ ಅಂತಿದೆ."

"ನಿನ್ನ ಕಾಲಿಗೂ ಬಾಯಿ ಬಂತಾ?" ಎಂದಳು. ಅವಳ ಧ್ವನಿಯಲ್ಲಿ ಎಂದಿನ ಮೊನೆ ಇರಲಿಲ್ಲ.

ಆ ಸಂಜೆ ನೀರಿನ ಲೋಟವನ್ನು ನರ್ಸಿನ ಕೈಯಿಂದ ತೆಗೆದುಕೊಂಡು ಅವಳೇ ಮುದುಕಿಯ ಮಂಚದ ಪಕ್ಕದಲ್ಲಿಟ್ಟು ಹೊರಗೆ ಬಂದಳು. ಬೀಗ ಹಾಕಿದ ಬಾಗಿಲ ಮುಂದೆ ನಿಂತಳು. ಬಡಿತ ಬರುತ್ತಲೇ ಇತ್ತು, ಹಿಂದಿಗಿಂತ ಮೆತ್ತಗೆ. ಬೀಗ ತೆಗೆದು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ದೀಪ ಹಾಕಲಿಲ್ಲ. ಹಾಸಿಗೆ ಇಲ್ಲದ ಮಂಚದ ಹಲಗೆಯ ಮೇಲೆ ಕೂತು ಏಪ್ರನ್ನಿನ ಜೇಬಿನಿಂದ ಚಮಚ ತೆಗೆದಳು. ಚೀಲಕ್ಕೆ ಹೋಗಬೇಕಾಗಿದ್ದ ಮುದುಕರ ಚಮಚ ಅದು.

ಎರಡು ಬಡಿತ ಬಂದವು, ಅವಳ ಕಿವಿಯ ಪಕ್ಕದಲ್ಲೇ.

ಅವಳು ಗೋಡೆಗೆ ಚಮಚ ತಾಗಿಸಿದಳು. ಟಿಣ್, ಟಿಣ್.

ಆ ಕಡೆ ಎಲ್ಲ ನಿಂತುಹೋಯಿತು. ಆಮೇಲೆ ಮಂಚ ಕಿರುಗುಟ್ಟಿತು, ಲೋಟ ಎಲ್ಲಿಗೋ ತಾಗಿತು. ಗಂಟಲಿಗೆ ನೀರಿಳಿಯುವ ಸದ್ದು ತಗಡಿನ ಮೂಲಕ ಕೇಳಿತು, ಗುಟುಕು ಗುಟುಕಾಗಿ.

"ಕುಡಿದೆ ರೀ" ಎಂದಿತು ಗೋಡೆ.

ಚಿಲಕದಕ್ಕ ಹೊರಗೆ ಬಂದು ಬೀಗ ಹಾಕಿ, ಬಾಗಿಲ ಹಿಡಿಯನ್ನು ಬ್ಲೀಚಿನ ಬಟ್ಟೆಯಿಂದ ಒರೆಸಿದಳು, ಕೈಗವಸನ್ನು ಕೆಂಪು ಚೀಲಕ್ಕೆ ಹಾಕಿದಳು. ಚಮಚವನ್ನು ಹಾಕಲಿಲ್ಲ. ಅದನ್ನು ಒರೆಸಿ ಮತ್ತೆ ಜೇಬಿಗಿಟ್ಟುಕೊಂಡಳು. ಬೆಳಿಗ್ಗೆಗೂ ಬೇಕಿತ್ತು.